ಹೊಲಿಗೆಯ ನಡುವೆ ನಿಂತ ಮಿಷನ್

ಮೇ ೪, ಸೋಮವಾರ

ಇವತ್ತು ಬೀದಿಯವರೆದುರು ನನ್ನ ಮುಖ ಸಣ್ಣದಾಯಿತು. ಮಗ ಹುಟ್ಟುವ ಮೊದಲಿನಿಂದ ಈ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು ನಾನು. ಗಂಡ ಸತ್ತ ವಾರವೂ ಷಟರ್ ಎಳೆದವಳಲ್ಲ. ಅಂಥವಳು ಬೆಳಿಗ್ಗೆ ಅಂಗಡಿ ಮುಚ್ಚಿ, ಸೊಸೆಯ ರಟ್ಟೆ ಹಿಡಿದು, ಎಲ್ಲರೂ ನೋಡುತ್ತಿರುವಂತೆ, ನನ್ನ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಕಟಿಂಗ್ ಮಾಸ್ತರ ವ್ಯಾನು ಹತ್ತಿದೆ. ಊಟದ ಹೊತ್ತಿಗೆ ಹೋದ ಹಾಗೇ ಬಂದು ಇಳಿದೆ.

"ಅತ್ತೆ, ಹೊಟ್ಟೆ ಕಲ್ಲಿನ ಹಾಗೆ ಆಗ್ತಿದೆ," ಎಂದಿದ್ದಳು. ಮುಟ್ಟಿ ನೋಡಿದೆ, ಸುಳ್ಳಲ್ಲ. ಒಂಬತ್ತು ತುಂಬುತ್ತಿದೆ, ಮಗ ಊರಲ್ಲಿಲ್ಲ. ಅವನು ಲೈನ್‌ಮನ್; ಬಿರುಗಾಳಿಗೆ ಬಿದ್ದ ಕಂಬಗಳನ್ನು ನಿಲ್ಲಿಸಲು ಅವನ ಗ್ಯಾಂಗನ್ನು ಎಲ್ಲೋ ದೂರದ ಊರುಗಳಿಗೆ ಕಳಿಸಿದ್ದಾರೆ. ಹೆಚ್ಚುಕಡಿಮೆ ಆದರೆ ಉತ್ತರ ಹೇಳಬೇಕಾದವಳು ನಾನು. ಅದಕ್ಕೇ ಹೊರಟೆ.

ಆಸ್ಪತ್ರೆ ಸೇತುವೆಯಾಚೆ. ದಪ್ಪ ಕನ್ನಡಕದ ನರ್ಸೊಬ್ಬಳು ಇವಳ ಹೊಟ್ಟೆಯ ಮೇಲೆ ಅಂಗೈಯಿಟ್ಟು ಬಹಳ ಹೊತ್ತು ಸುಮ್ಮನೆ ಕೂತಳು. ಆಮೇಲೆ ಹೇಳಿದಳು: "ಇದು ಸುಳ್ಳು ನೋವು ಅಮ್ಮಾ. ಮೈ ಅಭ್ಯಾಸ ಮಾಡ್ಕೋತಿದೆ ಅಷ್ಟೆ. ಓಡಾಡಿದ್ರೆ, ನೀರು ಕುಡಿದು ಮಗ್ಗುಲು ಬದಲಾಯಿಸಿದ್ರೆ ಹೋಗುತ್ತೆ. ನಿಜವಾದದ್ದು ಏನು ಮಾಡಿದ್ರೂ ಹೋಗಲ್ಲ. ಬರ್ತಾ ಬರ್ತಾ ಹತ್ತಿರ ಆಗುತ್ತೆ, ಹೆಚ್ಚು ಹೊತ್ತು ಹಿಡಿಯುತ್ತೆ, ಮಾತಾಡೋಕೂ ಬಿಡಲ್ಲ."

"ನಾನೂ ಒಂದು ಹೆತ್ತವಳೇ ಕಣಮ್ಮಾ," ಎಂದೆ.

"ಹಾಗಾದ್ರೆ ನಿಮಗೆ ಗೊತ್ತಾಗಬೇಕಿತ್ತಲ್ಲ," ಎಂದಳು, ನಗುತ್ತಲೇ. ಆ ನಗು ನನಗೆ ಹಿಡಿಸಲಿಲ್ಲ.

ಹಿಂತಿರುಗಿದಾಗ ಕಾಜಾದವಳು ಅಂಗಡಿ ಮೆಟ್ಟಿಲ ಮೇಲೆ ಕೂತಿದ್ದಳು. ಕಾಜಾ ಹಾಕುವುದು, ಗುಂಡಿ ಹಚ್ಚುವುದು ಅವಳ ಕೆಲಸ. ತನ್ನ ಬಾಯಿ ಹೊಲಿದುಕೊಳ್ಳುವುದು ಬಿಟ್ಟು ಬೇರೆಲ್ಲ ಬರುತ್ತದೆ. "ಏನಕ್ಕಾ, ಬರಿಗೈಲಿ ಬಂದ್ರಾ?" ಎಂದು ಬೀದಿಗೆಲ್ಲ ಕೇಳಿಸುವ ಹಾಗೆ ಕೇಳಿದಳು. "ಗುಂಡಿ ಹಚ್ಚು ಹೋಗು," ಎಂದೆ.

ಮೇ ೬, ಬುಧವಾರ

ಶಾಲೆಗಳು ತೆರೆಯುವುದರೊಳಗೆ ಎರಡು ಶಾಲೆಯ ಸಮವಸ್ತ್ರ ಹೊಲಿದು ಕೊಡಬೇಕು. ಅಂಗಿಗಳು ನನಗೆ, ಲಂಗಗಳು ಸೊಸೆಗೆ. ಅವಳ ಕೈ ಚೊಕ್ಕಟ, ಅದನ್ನು ಇಲ್ಲ ಅನ್ನುವುದಿಲ್ಲ. ಆದರೆ ಗಾಜಿನ ಬೊಂಬೆ. ಸ್ವಲ್ಪ ಹೊತ್ತು ಕೂತರೆ ಸೊಂಟ, ನಿಂತರೆ ಕಾಲು.

ನನ್ನ ಹೆರಿಗೆಯ ದಿನ ನಾನು ಒಂದು ಅಂಗಿಗೆ ಕಾಲರ್ ಕೂಡಿಸಿ, ಮಿಷನ್ನಿಗೆ ಎಣ್ಣೆ ಬಿಟ್ಟು, ಬಟ್ಟೆ ಹೊದಿಸಿ ಹೋದವಳು. ಪಕ್ಕದ ಮನೆಯವರಿಗೂ ಒಂದು ಸದ್ದು ಕೇಳಿಸಲಿಲ್ಲ. ಮಗು ಅತ್ತ ಮೇಲೇ ಅವರಿಗೆ ಗೊತ್ತಾದದ್ದು. ನಮ್ಮತ್ತೆ ಜೀವವಿರುವವರೆಗೆ ಅದನ್ನು ಬಂದವರಿಗೆಲ್ಲ ಹೇಳಿಕೊಂಡು ಹೆಮ್ಮೆಪಟ್ಟರು. ಅವರು ನನ್ನನ್ನು ಹೊಗಳಿದ್ದು ಅದೊಂದೇ ವಿಷಯಕ್ಕೆ.

ಈಗಿನವರಿಗೆ ಹೇಳಿದರೆ ಕಥೆ ಎನ್ನುತ್ತಾರೆ.

ಮೇ ೧೦, ಭಾನುವಾರ

ಎರಡನೇ ಸಲ. ಬರೆಯಲೂ ಮನಸ್ಸಿಲ್ಲ, ಆದರೆ ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಈ ಸಲ ನಾನೇ ಗಡಿಯಾರ ಹಿಡಿದು ಕೂತಿದ್ದೆ, ಆ ನರ್ಸಿಗೆ ಬಾಯಿ ತೆರೆಯಲು ಎಡೆ ಕೊಡಬಾರದೆಂದು. ಬೆಳಿಗ್ಗೆ ಸೊಸೆಯನ್ನು ಮಂಚದ ಮೇಲೆ ಮಲಗಿಸಿ, ಹೊಟ್ಟೆ ಸಡಿಲವಾದಾಗಿನಿಂದ ಮತ್ತೆ ಬಿಗಿಯುವವರೆಗೆ ಎಷ್ಟು ನಿಮಿಷ ಎಂದು ಲೆಕ್ಕ ಹಾಕಿದೆ. ಮೂರು ಸಲ ನಾಲ್ಕು ನಾಲ್ಕು ನಿಮಿಷ ಬಂತು. ಸಾಕು ಎಂದು ಎದ್ದೆ. ಮಾಸ್ತರು ಭಾನುವಾರದ ಕ್ಷೌರ ಅರ್ಧಕ್ಕೆ ಬಿಟ್ಟು, ಒಂದು ಕೆನ್ನೆಯಲ್ಲಿ ಗಡ್ಡ ಇಟ್ಟುಕೊಂಡೇ ವ್ಯಾನು ತಂದರು.

ಸೇತುವೆ ದಾಟುವಷ್ಟರಲ್ಲಿ ನೋವು ತೆಳುವಾಯಿತು. ಆಸ್ಪತ್ರೆ ಮೆಟ್ಟಿಲು ಹತ್ತುವಷ್ಟರಲ್ಲಿ ಮಾಯ. ಅದೇ ನರ್ಸು.

"ಹೇಗೆ ಲೆಕ್ಕ ಹಾಕಿದ್ರಿ ಅಮ್ಮಾ?"

ಹೇಳಿದೆ.

"ಹಾಗಲ್ಲ. ಒಂದು ನೋವು ಶುರುವಾದಾಗಿಂದ ಇನ್ನೊಂದು ನೋವು ಶುರುವಾಗೋವರೆಗೆ. ಹೋದಾಗಿಂದ ಅಲ್ಲ. ಒಂದೊಂದು ಎಷ್ಟು ಹೊತ್ತು ಇರುತ್ತೆ ಅಂತ ಬೇರೆ ನೋಡ್ಬೇಕು. ಮೂರು ಸಲ ನೋಡಿ ಎದ್ರೆ ಆಗಲ್ಲ, ಒಂದು ಗಂಟೆ ನೋಡಿ. ನಿಮಗೆ ದೂರ ಆಗುತ್ತೆ, ಆದ್ರಿಂದ ಐದೈದು ನಿಮಿಷಕ್ಕೆ ಬರೋವರೆಗೆ ಕಾಯಬೇಡಿ, ಹತ್ತಿರ ಹತ್ತಿರ ಬರ್ತಿದೆ ಅಂತ ಗೊತ್ತಾದ ಕೂಡಲೇ ಹೊರಡಿ. ನೀರು ಹೋದ್ರೆ, ರಕ್ತ ಕಂಡ್ರೆ, ಮಗು ಆಡೋದು ಕಡಿಮೆ ಆದ್ರೆ ಲೆಕ್ಕಾನೇ ಬೇಡ, ಬಂದ್ಬಿಡಿ."

ವ್ಯಾನಿನಲ್ಲಿ ಮಾಸ್ತರು ನಗುತ್ತ, "ಗುಂಡಿಗೂ ಗುಂಡಿಗೂ ನಡುವಿಂದ ನಡುವಿಗೆ ತಾನೇ ಟೇಪು ಹಿಡಿಯೋದು ಅಕ್ಕಾವ್ರೇ? ನೀವು ಅಂಚಿಂದ ಅಂಚಿಗೆ ಹಿಡಿದ್ರಿ," ಎಂದರು. ನನ್ನ ಬಳಿ ಕೆಲಸಕ್ಕೆ ಸೇರಿದ ಮೇಲೆ ಈ ಮನುಷ್ಯ ನನ್ನ ತಪ್ಪು ತೋರಿಸಿದ್ದು ಇದೇ ಮೊದಲು. ಸೊಸೆಯೂ ಸೆರಗಿನ ಮರೆಯಲ್ಲಿ ನಕ್ಕಳು. ನಾನು ನಗಲಿಲ್ಲ.

ಬೀದಿಯ ತಿರುವಿನಲ್ಲಿ, ಜನ ಕಾಣುವುದಕ್ಕೆ ಮುಂಚೆ, ಅವಳಿಗೆ ಒಂದೇ ಮಾತು ಹೇಳಿದೆ. "ಮೂರನೇ ಸಲ ನಗೆಪಾಟಲಾಗೋಕೆ ನಾನು ತಯಾರಿಲ್ಲ. ಇನ್ನು ಮೇಲೆ ಸಣ್ಣಪುಟ್ಟದಕ್ಕೆಲ್ಲ ಅತ್ತೆ ಅತ್ತೆ ಅನ್ನಬೇಡ. ತಡೆಯೋಕೇ ಆಗದೇ ಇದ್ದಾಗ ಹೇಳು."

"ಆಗಲಿ ಅತ್ತೆ," ಎಂದಳು.

ಮೇ ೧೧, ಸೋಮವಾರ

ನೀಲಿ ದಾರ ಮುಗಿದಿದೆ. ಬೇರೆ ಏನಿಲ್ಲ.

ಮೇ ೧೪, ಗುರುವಾರ

ಹೇಳಿದ ಮಾತು ನಾಟಿದೆ. ನಾಲ್ಕು ದಿನದಿಂದ ಸೊಸೆ ಒಂದು ಸಲವೂ ಸೊಂಟ ಎಂದಿಲ್ಲ. ಹೇಳಿದಷ್ಟು ಲಂಗ ಮುಗಿಸುತ್ತಾಳೆ, ಹೆಚ್ಚೇ ಮುಗಿಸುತ್ತಾಳೆ. ಬೈದರೆ ಬದುಕುತ್ತಾರೆ ಎನ್ನುವುದು ಸುಮ್ಮನಲ್ಲ.

ಮಗ ಫೋನು ಮಾಡಿದ್ದ. ಕಂಬದ ಮೇಲಿಂದಲೇ ಮಾತಾಡುತ್ತಿದ್ದನೋ ಏನೋ, ಗಾಳಿಯ ಸದ್ದೇ ಹೆಚ್ಚು. "ಹೇಗಿದಾಳಮ್ಮಾ?" ಎಂದ. "ಗುಂಡುಕಲ್ಲಿನ ಹಾಗಿದಾಳೆ," ಎಂದೆ. ಅವಳ ಕೈಗೆ ಕೊಟ್ಟೆ. ಅವಳು ಹೂಂ, ಹೂಂ, ಇಲ್ಲ, ಏನೂ ಇಲ್ಲ, ಎಂದಷ್ಟೇ ಹೇಳಿ ವಾಪಸು ಕೊಟ್ಟಳು. ಗಂಡನ ಬಳಿಯೂ ಹಾಗೆ ಮಾತಾಡುವುದೇ? ಇವಳ ತಾಯಿ ಬೇಗ ತೀರಿಕೊಂಡರಂತೆ, ಸಾಕಿದ್ದೆಲ್ಲ ದೂರದೂರಿನಲ್ಲಿರುವ ಅಕ್ಕ. ಅಕ್ಕನ ಜೊತೆಗಾದರೆ ಫೋನಿನಲ್ಲಿ ನಗು ಕೇಳಿಸುತ್ತದೆ.

ಸಂಜೆ ನೀರಿನ ಕೊಡದ ಹತ್ತಿರ ಗೋಡೆಗೆ ಹಣೆಯಿಟ್ಟು ನಿಂತಿದ್ದಳು. "ಏನು?" ಎಂದೆ. "ತಂಪಾಗಿದೆ ಅತ್ತೆ ಗೋಡೆ," ಎಂದಳು. ಸೆಖೆ ಹೌದು.

ಮೇ ೧೭, ಭಾನುವಾರ. ಆಸ್ಪತ್ರೆ

ಕೈಚೀಲ ತರಲು ಹೇಳಿದಾಗ ಈ ಪುಸ್ತಕವನ್ನೂ ಅದರಲ್ಲಿ ಹಾಕಲು ಮಾಸ್ತರಿಗೆ ಹೇಳಿದ್ದೆ. ಬೆಂಚಿನ ಮೇಲೆ ಸುಮ್ಮನೆ ಕೂತರೆ ತಲೆ ಕೆಡುತ್ತದೆ. ನಿನ್ನೆಯದನ್ನು ನಡೆದ ಹಾಗೆ ಬರೆಯುತ್ತೇನೆ.

ನಿನ್ನೆ ಊಟ ಆದ ಮೇಲೆ ನಾನು ಮುಂದಿನ ಕೋಣೆಯಲ್ಲಿ ಹೊಲಿದ ಕಾಲರುಗಳನ್ನು ತಿರುವಿ, ಸೂಜಿಯಿಂದ ಮೂಲೆಗಳ ಮೊನೆ ಹೊರತೆಗೆಯುತ್ತಿದ್ದೆ. ಸೊಸೆ ಹಿಂದಿನ ಕೋಣೆಯಲ್ಲಿ ಲಂಗದ ಪಕ್ಕದ ಉದ್ದ ಹೊಲಿಗೆ ಹಾಕುತ್ತಿದ್ದಳು. ನನ್ನ ಕಿವಿ ಯಾವಾಗಲೂ ಮಿಷನ್‌ಗಳ ಮೇಲೇ ಇರುತ್ತದೆ. ಯಾರು ಕೆಲಸ ಮಾಡುತ್ತಿದ್ದಾರೆ, ಯಾರು ಹರಟುತ್ತಿದ್ದಾರೆ ಎಂದು ನೋಡದೇ ಹೇಳಬಲ್ಲೆ. ನೇರ ಹೊಲಿಗೆಯನ್ನು ನಡುವೆ ನಿಲ್ಲಿಸಬಾರದು ಎನ್ನುವುದು ನನ್ನ ಅಂಗಡಿಯ ಮೊದಲ ಪಾಠ. ನಿಲ್ಲಿಸಿ ಹೊರಟರೆ ಅಲ್ಲೊಂದು ಸೊಟ್ಟ ಬಂದೇ ಬರುತ್ತದೆ. ಇವಳ ಮಿಷನ್ ನಡುವೆಯೇ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಹೊರಟಿತು. ಮತ್ತೆ ನಿಂತಿತು.

ಸೋಮಾರಿತನ ಎಂದುಕೊಂಡೆ. ಬೈಯಬೇಕು, ಆದರೆ ಕೈಲಿದ್ದ ಕಾಲರ್ ಮುಗಿಯಲಿ ಎಂದುಕೊಂಡೆ. ಆ ಕಾಲರ್ ಮುಗಿಯುವ ಹೊತ್ತಿಗೆ ಮತ್ತೆ ನಿಂತಿತು. ಮುಂದಿನ ಕಾಲರ್ ಮುಗಿಯುವ ಹೊತ್ತಿಗೆ ಮತ್ತೆ. ಪ್ರತಿ ಸಲವೂ ಕಾಲರಿನ ಎರಡನೇ ಮೊನೆ ತೆಗೆಯುವಾಗಲೇ ನಿಲ್ಲುತ್ತಿತ್ತು. ಸೋಮಾರಿಗೆ ಅಷ್ಟು ಹದ ಇರುವುದಿಲ್ಲ.

ಎದ್ದು ಗಡಿಯಾರದ ಕೆಳಗೆ ನಿಂತೆ. ಮಿಷನ್ ನಿಂತಾಗಿನಿಂದ ಮತ್ತೆ ನಿಲ್ಲುವವರೆಗೆ. ಆರು ನಿಮಿಷ. ಮತ್ತೆ ಆರು. ಆಮೇಲೆ ಐದು. ನಿಂತದ್ದು ಹೊರಡಲು ಒಂದು ನಿಮಿಷ.

ಒಳಗೆ ಹೋದೆ. ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಬಾಯಿಯಲ್ಲಿ ಲಂಗದ ತುಂಡು ಬಟ್ಟೆ, ಕಚ್ಚಿಕೊಂಡಿದ್ದಳು. ನಾನು ಬಂದದ್ದು ಗೊತ್ತಾಗಿ ಅದನ್ನು ತೆಗೆದು ಮಡಿಲಿಗೆ ಹಾಕಿಕೊಂಡಳು.

"ಎಷ್ಟು ಹೊತ್ತಿಂದ?"

"ಬೆಳಿಗ್ಗೆಯಿಂದ ಅತ್ತೆ."

"ಎಲ್ಲಿ ಹಿಡಿಯುತ್ತೆ?"

"ಬೆನ್ನಲ್ಲಿ ಹುಟ್ಟಿ ಮುಂದಕ್ಕೆ ಬರುತ್ತೆ."

"ಓಡಾಡಿದ್ಯಾ? ನೀರು ಕುಡಿದ್ಯಾ?"

"ಎಲ್ಲ ಮಾಡ್ದೆ. ಹೋಗಲಿಲ್ಲ."

"ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ ನೀನು?"

ಅವಳು ನನ್ನ ಮುಖ ನೋಡಿದಳು. ಎದುರುತ್ತರ ಕೊಡುವ ದನಿಯಲ್ಲ, ಕೇಳಿದ್ದಕ್ಕೆ ಹೇಳುವ ದನಿ. "ತಡೆಯೋಕಾಗದೇ ಇದ್ದಾಗ ಹೇಳು ಅಂದಿದ್ರಲ್ಲ ಅತ್ತೆ. ಇನ್ನೂ ತಡೀತಿದೀನಿ."

ಮಿಷನ್ ಕೆಳಗೆ ಮುಗಿದ ಲಂಗಗಳ ರಾಶಿ ಇತ್ತು. ಮೇಲಿನದನ್ನು ಎತ್ತಿ ನೋಡಿದೆ, ಯಾಕೆ ನೋಡಿದೆನೋ ಗೊತ್ತಿಲ್ಲ. ಪಕ್ಕದ ಹೊಲಿಗೆಯಲ್ಲಿ ಒಂದು ಸೊಟ್ಟ. ಕೆಳಗಿನದರಲ್ಲೂ ಒಂದು. ಅದರ ಕೆಳಗಿನದರಲ್ಲಿ ಎರಡು. ಬಿಚ್ಚಿ ಹೊಲಿಯುವಷ್ಟು ದೊಡ್ಡದಲ್ಲ, ಕೊಳ್ಳುವವರಿಗೆ ಕಾಣುವುದೂ ಇಲ್ಲ. ನನಗೆ ಕಂಡಿತು.

ಮಾಸ್ತರು ವ್ಯಾನು ತಂದರು. ಬೀದಿಯಲ್ಲಿ ಯಾರಿದ್ದರು, ಯಾರು ನೋಡಿದರು ನೆನಪಿಲ್ಲ. ಸೇತುವೆಯ ಮೇಲೆ ಲಾರಿಗಳ ಸಾಲು. ಹಿಂದಿನ ಸೀಟಿನಲ್ಲಿ ಅವಳು ನನ್ನ ಮಗ್ಗುಲಿಗೆ. ನಾನು ಮಾಸ್ತರ ಕೈಗಡಿಯಾರ ಹಿಡಿದು ಕೂತಿದ್ದೆ, ಆದರೆ ಅದನ್ನು ನೋಡುವ ಅಗತ್ಯವೇ ಇರಲಿಲ್ಲ. ನೋವು ಬರುವುದಕ್ಕೆ ಸ್ವಲ್ಪ ಮುಂಚೆ ಅವಳ ಉಸಿರು ನಿಲ್ಲುತ್ತಿತ್ತು. "ಉಸಿರು ಬಿಡು. ಕಟ್ಟಬೇಡ, ಬಿಡು," ಎಂದೆ. "ಕೂಗಬೇಕು ಅನ್ಸಿದ್ರೆ ಕೂಗು." ಕೂಗಲಿಲ್ಲ. ನನ್ನ ಮಣಿಕಟ್ಟು ಹಿಡಿದುಕೊಂಡಳು. ಆ ಹಿಡಿತಕ್ಕೆ ಅವಳದೇ ಬಳೆಯೊಂದು ಒಡೆಯಿತು.

ಸೇತುವೆಯ ನಡುವೆಯೇ ನೀರು ಹೋಯಿತು. ಸೀಟಿನ ಮೇಲೆ ನನ್ನ ಸೆರಗು ಹಾಸಿ ನೋಡಿದೆ. ತಿಳಿಯಾಗಿರಲಿಲ್ಲ. ಹಸಿರು. ನನಗೆ ಅದರ ಅರ್ಥ ಗೊತ್ತಿರಲಿಲ್ಲ, ಆದರೆ ಒಳ್ಳೆಯದಲ್ಲ ಎಂದು ಗೊತ್ತಾಯಿತು. "ಮಾಸ್ತರೇ, ಹಾರನ್ ಒತ್ತಿ," ಎಂದೆ. "ಒತ್ತಿದ್ರೂ ಮುಂದಿರೋನು ಎಲ್ಲಿಗೆ ಹೋಗ್ತಾನೆ ಅಕ್ಕಾವ್ರೇ?" ಎಂದರು. "ನದಿಗೆ ಬೀಳ್ಲಿ. ಒತ್ತಿ."

ಬಾಗಿಲಲ್ಲೇ ಆ ಕನ್ನಡಕದ ನರ್ಸು. ಈ ಸಲ ನಗಲಿಲ್ಲ. "ಎಷ್ಟು ನಿಮಿಷಕ್ಕೊಂದು?"

"ಮೂರು. ಶುರುವಿಂದ ಶುರುವಿಗೆ. ಒಂದೊಂದೂ ಒಂದು ನಿಮಿಷದ ಮೇಲೇ ಇರುತ್ತೆ. ನೀರು ಹೋಗಿದೆ, ಹಸಿರಾಗಿದೆ."

ತಳ್ಳುಗಾಡಿಯ ಮೇಲೆ ಮಲಗಿಸಿ ಒಳಗೆ ಒಯ್ದರು. ಸ್ವಲ್ಪ ಹೊತ್ತಿಗೆ ಡಾಕ್ಟರು ಬಂದರು, ಚಿಕ್ಕ ವಯಸ್ಸಿನ ಹೆಂಗಸು. ನೋವು ಬಂದಾಗಲೆಲ್ಲ ಮಗುವಿನ ಎದೆಬಡಿತ ಇಳಿಯುತ್ತಿದೆ, ಕಾಯುವ ಹಾಗಿಲ್ಲ, ಆಪರೇಷನ್ ಮಾಡಬೇಕು ಎಂದರು. ಆಮೇಲೆ ಕೇಳಿದರು: "ನೋವು ಯಾವಾಗ ಶುರುವಾಯ್ತು ಅಮ್ಮಾ?"

"ಮಧ್ಯಾಹ್ನ," ಎಂದೆ. "ಊಟ ಆದ ಮೇಲೆ."

ಅವರು ಹೊರಟರು. ಬಾಗಿಲ ಹತ್ತಿರ ಹೋಗಿದ್ದರು. "ಡಾಕ್ಟರೇ," ಎಂದು ಕರೆದೆ. "ಬೆಳಿಗ್ಗೆಯಿಂದ. ಬೆಳಿಗ್ಗೆಯಿಂದ ಮಿಷನ್ ಮೇಲೆ ಇದ್ಲು. ನನಗೆ ಹೇಳಲಿಲ್ಲ. ಹೇಳಬೇಡ ಅಂದಿದ್ದೆ."

ಅವರು ಅದನ್ನು ಕಾಗದದಲ್ಲಿ ಬರೆದುಕೊಂಡು ಒಳಗೆ ಹೋದರು. ನರ್ಸು ನನ್ನನ್ನು ನೋಡಿದಳು. ಡಾಕ್ಟರಿಗೆ ಸುಳ್ಳು ಹೇಳಿದರೆ ಔಷಧಿ ತಪ್ಪುತ್ತದೆ, ಅದಕ್ಕೇ ಹೇಳಿದೆ. ಬೇರೇನಿಲ್ಲ.

ಹೆಣ್ಣು ಮಗು. ಅಳು ಕೇಳಿಸಲಿಲ್ಲ. ಬಾಗಿಲಿಗೆ ಕಿವಿಯಿಟ್ಟೆ, ಆಗಲೂ ಕೇಳಿಸಲಿಲ್ಲ. ಬಹಳ ಹೊತ್ತಾದ ಮೇಲೆ ಬೆಕ್ಕಿನ ಮರಿಯಂಥ ಒಂದು ಸದ್ದು. ಹೊಟ್ಟೆಯಲ್ಲಿರುವಾಗಲೇ ಮಗು ಮಲ ಮಾಡಿಕೊಂಡು, ಆ ನೀರು ಅದರ ಉಸಿರಿನ ಜೊತೆ ಒಳಗೆ ಹೋಗಿದೆಯಂತೆ. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಮೂಗಿಗೆ ಕೊಳವೆ. ಎರಡು ದಿನ ಏನೂ ಹೇಳಲಾಗುವುದಿಲ್ಲವಂತೆ.

"ಮೊದಲೇ ಬಂದಿದ್ರೆ ಹೀಗೆ ಆಗ್ತಿರಲಿಲ್ವಾ?" ಎಂದು ನರ್ಸನ್ನು ಕೇಳಿದೆ.

"ಅದನ್ನ ಯಾರಿಗೂ ಹೇಳೋಕಾಗಲ್ಲ ಅಮ್ಮಾ," ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಮೇ ೧೮, ಸೋಮವಾರ

ಗಾಜಿನಾಚೆಯಿಂದ ನೋಡಿದೆ. ಪಕ್ಕೆಲುಬು ಒಳಗೆ ಹೋಗಿ ಹೋಗಿ ಬರುತ್ತದೆ. ಅಷ್ಟು ಸಣ್ಣ ಎದೆ.

ಹೆತ್ತ ಹುಡುಗಿಗೆ ಜ್ವರ. ಹೊಟ್ಟೆ ಕೊಯ್ದ ಗಾಯ ಇದೆ, ಮಗು ಪಕ್ಕದಲ್ಲಿಲ್ಲ, ಗೋಡೆಗೆ ತಿರುಗಿ ಮಲಗಿದ್ದಾಳೆ. ನರ್ಸು ಬಂದು "ನೋವಿದ್ಯಾ?" ಎಂದರೆ "ಇಲ್ಲ," ಎಂದಳು. ಮುಂದಿನ ಮಂಚಕ್ಕೆ ಹೋಗುತ್ತಿದ್ದವಳನ್ನು ನಾನು ತಡೆದೆ.

"ಇದೆ. ಬೆರಳು ನೋಡಿ, ಚಾದರ ಹೇಗೆ ಹಿಡ್ಕೊಂಡಿದಾಳೆ."

"ಅವ್ರೇ ಇಲ್ಲ ಅಂತಾರಲ್ಲಮ್ಮಾ."

"ಅವಳು ಅಂತಾಳೆ. ನಾನು ಹೇಳ್ತಿದೀನಿ, ಇದೆ."

ಸೂಜಿ ಕೊಟ್ಟರು. ನಿದ್ದೆ ಹೋದಳು. ನಿದ್ದೆಯಲ್ಲೂ ಚಾದರ ಬಿಟ್ಟಿರಲಿಲ್ಲ.

ಮಗ ಹೊರಟಿದ್ದಾನಂತೆ. ದಾರಿಯಲ್ಲಿ ಬಸ್ಸು ಇಲ್ಲ.

ಮೇ ೨೦, ಬುಧವಾರ

ಮಗು ಇವತ್ತು ಕೊಳವೆಯಿಲ್ಲದೆ ಉಸಿರಾಡಿತು, ಸ್ವಲ್ಪ ಹೊತ್ತು. ಆಮೇಲೆ ಮತ್ತೆ ಹಾಕಿದರು. ಹಾಗೇ ಬಿಡಿಸುತ್ತಾರಂತೆ.

ಮಾಸ್ತರು ಬಂದಿದ್ದರು. ಅಂಗಡಿ ಅವರೇ ನೋಡಿಕೊಳ್ಳುತ್ತಿದ್ದಾರೆ. "ಆ ಲಂಗಗಳಲ್ಲಿ ಅಲ್ಲಲ್ಲಿ ಸೊಟ್ಟ ಇದೆ ಅಕ್ಕಾವ್ರೇ, ಬಿಚ್ಚಿಸಿ ಮತ್ತೆ ಹಾಕಿಸ್ಲಾ?" ಎಂದು ಕೇಳಿದರು. ಬೇಡ, ಹಾಗೇ ಇಸ್ತ್ರಿ ಹಾಕಿ ಕಳಿಸಿ ಎಂದೆ. ಅವರು ನನ್ನನ್ನು ನೋಡಿದ ರೀತಿಗೆ, ಜ್ವರ ಬಂದಿರುವುದು ನನಗೇ ಎಂದು ಅವರಿಗೆ ಅನ್ನಿಸಿರಬೇಕು.

ಸಂಜೆ ಹುಡುಗಿ ತಾನಾಗೇ ಮಾತಾಡಿದಳು. ಅವತ್ತಿನಿಂದ ಇದೇ ಮೊದಲು.

"ಅತ್ತೆ, ಇಲ್ಲಿಂದ ಬಿಟ್ಟ ಮೇಲೆ ಅಕ್ಕನ ಮನೆಗೆ ಹೋಗ್ತೀನಿ."

"ಯಾಕೆ? ನಮ್ಮನೇಲಿ ಏನು ಕಮ್ಮಿ? ಬಾಣಂತಿ ಕೆಲಸ ಮಾಡೋಕೆ ನನ್ನ ಕೈ ಬಿದ್ದುಹೋಗಿದ್ಯಾ?" ಬಾಯಿಗೆ ಬಂದುಬಿಟ್ಟಿತು.

ಅವಳು ಮಾಡಿನ ಕಡೆ ನೋಡುತ್ತಿದ್ದಳು. "ಕಮ್ಮಿ ಏನಿಲ್ಲ ಅತ್ತೆ. ಅಲ್ಲಿ ನೋವಾದ್ರೆ ನೋವು ಅನ್ನಬಹುದು."

ಎದ್ದು ಹೋಗಿ ಕಾರಿಡಾರಿನ ನಲ್ಲಿಯಲ್ಲಿ ಅವಳ ಲೋಟ ತೊಳೆದೆ. ತೊಳೆದದ್ದನ್ನೇ ತೊಳೆಯುತ್ತಿದ್ದೆ ಎಂದು ಕಾಣುತ್ತದೆ, ಹಿಂದೆ ಸಾಲಿನಲ್ಲಿದ್ದ ಹೆಂಗಸು, "ಅಜ್ಜಿ, ಲೋಟ ಸವೆದುಹೋಗುತ್ತೆ," ಎಂದಳು.

ಅಜ್ಜಿ. ಹೌದಲ್ಲ.

ಮೇ ೨೧, ಗುರುವಾರ

ಮಗ ಬಂದ. ಮೈಯೆಲ್ಲ ಕೆಸರು, ಬೂಟು ಸಹ ಬಿಚ್ಚಿರಲಿಲ್ಲ. ಗಾಜಿಗೆ ಹಣೆಯಿಟ್ಟು ಬಹಳ ಹೊತ್ತು ನಿಂತ. ಆಮೇಲೆ ಹೆಂಡತಿಯ ಬಳಿ ಕೂತ. ನಾನು ಹೊರಗಿದ್ದೆ.

ಹೊರಗೆ ಬಂದು, "ಅಕ್ಕನ ಮನೆಗೆ ಹೋಗ್ತಾಳಂತೆ. ಏನಮ್ಮಾ ಇದು? ಬೀದಿಯವ್ರು ಏನಂತಾರೆ?" ಎಂದ. ನನ್ನ ಮಗನೇ ಹೌದು, ಮಾತು ನನ್ನದೇ.

"ಏನು ಬೇಕಾದ್ರೂ ಅನ್ಲಿ. ಅಕ್ಕನಿಗೆ ಫೋನು ಮಾಡು. ಹೋಗೋವಾಗ ನೀನು ಕೂಡ ಜೊತೆಗೆ ಹೋಗು, ಆ ರಸ್ತೇಲಿ ವ್ಯಾನು ಕುಲುಕುತ್ತೆ, ಹೊಲಿಗೆ ಹಸಿ ಇರುತ್ತೆ," ಎಂದೆ.

"ನೀನು ಒಪ್ಪಿದ್ಯಾ?"

"ನನ್ನ ಯಾರು ಕೇಳಿದ್ರು?"

ಅವಳು ಕೇಳಿರಲಿಲ್ಲ, ಹೇಳಿದ್ದಳು. ಅದು ಸರಿ.

ಮೇ ೨೩, ಶನಿವಾರ

ಇವತ್ತು ಮಗುವನ್ನು ಮೊದಲ ಸಲ ಅವಳ ಎದೆಗೆ ಕೊಟ್ಟರು. ಸ್ವಲ್ಪ ಹೊತ್ತಿಗಷ್ಟೇ; ಇನ್ನೂ ಕೆಲವು ದಿನ ರಾತ್ರಿ ಪೆಟ್ಟಿಗೆಯಲ್ಲೇ ಇಡುತ್ತಾರೆ. ಮುಂದೆ ಉಸಿರಿಗೇನೂ ತೊಂದರೆ ಇರಲಾರದು ಎಂದರು ಡಾಕ್ಟರು. ಇರಲಾರದು ಎಂದರು, ಇಲ್ಲ ಎನ್ನಲಿಲ್ಲ.

ಮಗು ಬಾಯಿ ಹಾಕಿ ಎಳೆಯಿತು. ಹುಡುಗಿಯ ಮುಖ ಒಮ್ಮೆಲೇ ಬಿಗಿಯಿತು. ಮಗು ಹಾಲು ಕುಡಿಯುವಾಗ ಗರ್ಭಕೋಶ ಹಿಂಡಿಕೊಳ್ಳುತ್ತದೆ, ಹೆತ್ತ ಮೇಲೂ ಆ ನೋವು ಬರುತ್ತದೆ, ಮೇಲೆ ಗಾಯ ಬೇರೆ ಎಂದು ನರ್ಸು ಹೇಳಿದ್ದಳು. ಅವಳ ತುಟಿ ಹಲ್ಲಿನ ನಡುವೆ ಹೋಯಿತು. ಮಗುವನ್ನು ಹಿಡಿದ ಕೈ ಮಾತ್ರ ಅಲುಗಲಿಲ್ಲ.

ನಾನು ಮಂಚದ ತುದಿಯಲ್ಲಿ ಕೂತಿದ್ದೆ. ಹೇಳಬೇಕಾದದ್ದನ್ನು ಈ ವಯಸ್ಸಿನಲ್ಲಿ ಯಾರೂ ಕಲಿಸುವುದಿಲ್ಲ. ಅವಳ ಕಾಲಿನ ಮೇಲೆ ಕೈಯಿಟ್ಟು, "ಹೂಂ," ಎಂದೆ ಅಷ್ಟೇ.

ಅವಳು ಕೂಗಿದಳು. "ಅಯ್ಯೋ ಅತ್ತೇ, ನೋವೂ!"

ಇಡೀ ವಾರ್ಡು ತಿರುಗಿ ನೋಡಿತು. ಎದುರು ಮಂಚದವಳು, ಅವಳ ನೆಂಟರು, ಹಾಲು ತಂದವನು, ಗುಡಿಸುವವಳು, ಎಲ್ಲರೂ.

ನೋಡಲಿ.